ಖಿನ್ನತೆಯ ಮಾತ್ರೆ ಕೊಡುವಾಗ ಪೂರ್ತಿ ವಿಷಯ ಹೇಳಿ

ಸಂಪಾದಕರಿಗೆ ನಮಸ್ಕಾರ.

ಖಿನ್ನತೆಗೆ ಕೊಡುವ ಮಾತ್ರೆಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಇಬ್ಬರು ಓದುಗರು ಬರೆದಿದ್ದರು. ಈ ಮಾತ್ರೆಗಳೆಲ್ಲ ವಿಷ, ಬೆಳಿಗ್ಗೆ ಎದ್ದು ಪ್ರಾಣಾಯಾಮ ಮಾಡಿದರೆ ಸಾಕು ಎಂದು ಒಬ್ಬರು. ಇವೂ ಬಿಪಿ, ಶುಗರ್ ಮಾತ್ರೆ ಇದ್ದ ಹಾಗೆ, ಡಾಕ್ಟರು ಕೊಟ್ಟಿದ್ದನ್ನು ನುಂಗಿ, ಜಾಸ್ತಿ ಪ್ರಶ್ನೆ ಕೇಳಬೇಡಿ ಎಂದು ಇನ್ನೊಬ್ಬರು. ಎರಡನ್ನೂ ಓದಿದೆ. ಇಬ್ಬರೂ ಒಳ್ಳೆಯದಕ್ಕೇ ಬರೆದಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಮಾತ್ರೆ ನುಂಗಿದವರು ಬರೆದ ಹಾಗೆ ಕಾಣಲಿಲ್ಲ. ನಾನು ನುಂಗಿದ್ದೇನೆ. 2019ರಿಂದ, ನಡುವೆ ಸ್ವಲ್ಪ ಕಾಲ ಬಿಟ್ಟು, ಈಗಲೂ ನುಂಗುತ್ತಿದ್ದೇನೆ. ಅದಕ್ಕೇ ಈ ಪತ್ರ. ಉದ್ದ ಆಗಿದೆ. ಕತ್ತರಿಸಬೇಕಾಗಿ ಬಂದರೂ ತೊಂದರೆಗಳ ಬಗ್ಗೆ ಬರೆದಿರುವ ಭಾಗವನ್ನು ದಯವಿಟ್ಟು ಕತ್ತರಿಸಬೇಡಿ.

ನಾನು ದಾವಣಗೆರೆಯವಳು. ನಿಟುವಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಟೈಲರಿಂಗ್ ಅಂಗಡಿ. ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್ಸು, ಪೀಕೋ. ನಮ್ಮ ಯಜಮಾನರು ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಮಗಳು ಬಿ.ಫಾರ್ಮ ಓದಿದ್ದಾಳೆ. ಮಾತ್ರೆಗಳ ಬಗ್ಗೆ ನಾನು ಇಲ್ಲಿ ಬರೆದಿರುವ ಎಷ್ಟೋ ವಿಷಯ ಅವಳು ಓದಿ ಹೇಳಿದ್ದು. ಡಾಕ್ಟರನ್ನೂ ಕೇಳಿ ಖಚಿತ ಮಾಡಿಕೊಂಡಿದ್ದೇನೆ.

ಖಿನ್ನತೆ ಅಂದರೆ ಸದಾ ಅಳುವುದು ಅಂತ ಎಲ್ಲರೂ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ನನಗೆ ಮೊದಲು ಹೋಗಿದ್ದು ನಿದ್ದೆ. ರಾತ್ರಿ ಮಲಗಿದ ತಕ್ಷಣ ನಿದ್ದೆ ಬರುತ್ತಿತ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತಿತ್ತು. ಆಮೇಲೆ ಬೆಳಕು ಹರಿಯುವವರೆಗೂ ಎದೆಯಲ್ಲಿ ಭಯ. ಯಾತರ ಭಯ ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಆಮೇಲೆ ಊಟದ ರುಚಿ ಹೋಯಿತು. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರೆ ಅಗಿಯಲು ಬೇಜಾರು. ಕೊನೆಗೆ ಕೆಲಸ ಹೋಯಿತು. ಬಟ್ಟೆ ಹಾಸಿ, ಅಳತೆ ಬ್ಲೌಸ್ ಇಟ್ಟು, ಚಾಕಿನಲ್ಲಿ ಗೆರೆ ಎಳೆದು, ಕತ್ತರಿ ಹಿಡಿದು ನಿಂತರೆ ಕತ್ತರಿಸಲು ಆಗುತ್ತಿರಲಿಲ್ಲ. ಎಷ್ಟೋ ವರ್ಷದಿಂದ ಕಣ್ಣು ಮುಚ್ಚಿ ಕತ್ತರಿಸುತ್ತಿದ್ದ ಕೈ. ಕತ್ತು ಎಷ್ಟು ಇಳಿಸಬೇಕು, ತೋಳು ಎಷ್ಟು ಬಿಡಬೇಕು ಅನ್ನುವ ಸಣ್ಣ ತೀರ್ಮಾನವೂ ದೊಡ್ಡ ಬೆಟ್ಟ ಆಗಿತ್ತು. ದೀಪಾವಳಿಗೆ ಕೊಡಬೇಕಾದ ಬ್ಲೌಸ್‌ಗಳು ಕವರಿನಲ್ಲೇ ಉಳಿದವು. ಗಿರಾಕಿಗಳು ಬಂದು ಬೈದರು. ಬೈಸಿಕೊಂಡರೂ ಏನೂ ಅನ್ನಿಸಲಿಲ್ಲ. ಆಗ ನನಗೇ ಹೆದರಿಕೆ ಆಯಿತು.

ಅತ್ತೆ ಹೇಳಿದರು, "ಏನಾಗೇತಿ ನಿನಗೆ? ಉಣ್ಣಕ್ಕೆ ಉಡಕ್ಕೆ ಏನಾರ ಕಮ್ಮಿ ಐತಾ?" ಅವರು ಕೆಟ್ಟವರಲ್ಲ. ಅವರ ಕಾಲದಲ್ಲಿ ಬೇಜಾರಿಗೆ ಕಾರಣ ಅಂದರೆ ಊಟ ಬಟ್ಟೆಯ ಕೊರತೆಯೇ. ಉಚ್ಚಂಗಿದುರ್ಗಕ್ಕೆ ಕರೆದುಕೊಂಡು ಹೋಗಿ ಉಚ್ಚಂಗೆಮ್ಮನಿಗೆ ಹರಕೆ ಕಟ್ಟಿಸಿದರು. ಈಗಲೂ ಹುಣ್ಣಿಮೆಗೆ ಹೋಗಿ ಬರುತ್ತೇನೆ, ಅಲ್ಲಿ ಮನಸ್ಸಿಗೆ ಸಮಾಧಾನ ಆಗುತ್ತದೆ. ಆದರೆ ನಿದ್ದೆ ಬರಲಿಲ್ಲ, ಕತ್ತರಿ ಆಡಲಿಲ್ಲ. ಡಾಕ್ಟರುಗಳ ಹತ್ತಿರ ಹೋದರೆ ಗ್ಯಾಸ್ಟ್ರಿಕ್ ಅಂದರು, ಮಾತ್ರೆ ಕೊಟ್ಟರು. ರಕ್ತ ಕಮ್ಮಿ ಅಂದರು. ನಿಶ್ಶಕ್ತಿ ಅಂತ ಗ್ಲೂಕೋಸ್ ಏರಿಸಿದರು. ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಅದು ಒಳ್ಳೆಯದೇ ಆಯಿತು. ಥೈರಾಯ್ಡ್ ಕಮ್ಮಿ ಇದ್ದರೂ ಇದೇ ಥರ ಆಗುತ್ತದಂತೆ. ನನ್ನದು ಸರಿ ಇತ್ತು. ಕೊನೆಗೆ ಒಬ್ಬ ಡಾಕ್ಟರ ಹತ್ತಿರ ಹೋದೆವು. ಹೆಸರು ಬೇಡ. ಅಲ್ಲಿ ನಾಲ್ಕು ಮಾತು ಕೇಳಿದರು, ಚೀಟಿ ಬರೆದರು, ಮುಂದಿನವರನ್ನು ಕರೆದರು.

ಯಾವ ಮಾತ್ರೆ, ಯಾಕೆ, ಎಷ್ಟು ದಿನಕ್ಕೆ ಗುಣ ಕಾಣುತ್ತದೆ, ಏನೇನು ತೊಂದರೆ ಆಗಬಹುದು, ಎಷ್ಟು ಕಾಲ ತಗೊಳ್ಳಬೇಕು, ಹೇಗೆ ಬಿಡಬೇಕು: ಒಂದನ್ನೂ ಹೇಳಲಿಲ್ಲ. "ರಾತ್ರಿ ಊಟ ಆದಮೇಲೆ ಒಂದು" ಅಂತ ಹೇಳಿದ್ದೂ ಮೆಡಿಕಲ್ ಶಾಪಿನ ಹುಡುಗ. ನನ್ನ ದೂರು ಇರುವುದು ಇದೊಂದರ ಮೇಲೆ. ಮಾತ್ರೆಯ ಮೇಲೆ ದೂರಿಲ್ಲ.

ಆ ಸ್ಟ್ರಿಪ್‌ನಲ್ಲಿ ಇದ್ದದ್ದು ಒಂದು ಮಾತ್ರೆ, ಔಷಧಿ ಎರಡು. ಎಸ್ಸಿಟಾಲೋಪ್ರಾಮ್ ಮತ್ತು ಕ್ಲೋನಾಜೆಪಾಮ್. ಎರಡನ್ನೂ ಕೂಡಿಸಿದ ಮಾತ್ರೆ ನಮ್ಮ ದೇಶದಲ್ಲಿ ಎಲ್ಲ ಕಡೆ ಸಿಗುತ್ತದೆ. ಮೊದಲನೆಯದು ಖಿನ್ನತೆಯ ಔಷಧಿ. ಎರಡನೆಯದು ಆತಂಕ ಇಳಿಸಿ ನಿದ್ದೆ ತರಿಸುವಂಥದ್ದು. ಮೊದಲನೆಯದು ನಿಧಾನ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗೊತ್ತಾಗಲು ಆರರಿಂದ ಎಂಟು ವಾರ. ಎರಡನೆಯದು ಅವತ್ತು ರಾತ್ರಿಯೇ ಕೆಲಸ ಮಾಡುತ್ತದೆ. ಚಟ ಹಿಡಿಸುವ ಗುಣ ಇರುವುದು ಆ ಎರಡನೆಯದಕ್ಕೆ. ಅದನ್ನು ಸಾಮಾನ್ಯವಾಗಿ ಕೆಲವೇ ವಾರ ಕೊಟ್ಟು ನಿಲ್ಲಿಸಬೇಕು. ನಮ್ಮ ಜನ ಎರಡಕ್ಕೂ "ನಿದ್ದೆ ಮಾತ್ರೆ" ಅಂತಲೇ ಹೇಳುತ್ತಾರೆ. ಮೊದಲನೆಯ ಓದುಗರು "ಚಟ ಆಗುತ್ತದೆ" ಅಂತ ಬರೆದದ್ದು ಬಹುಶಃ ಇದನ್ನೇ ನೋಡಿ. ಎರಡನ್ನೂ ಒಂದೇ ಗುಳಿಗೆಯಲ್ಲಿ ಕೂಡಿಸಿ, ಬಾಯಿ ಬಿಟ್ಟು ಹೇಳದೆ ಕೊಟ್ಟರೆ ಜನಕ್ಕೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಮೊದಲ ವಾರ ತುಂಬ ಕಷ್ಟ ಆಯಿತು. ಹೊಟ್ಟೆ ತೊಳಸುತ್ತಿತ್ತು. ಬೆಳಿಗ್ಗೆಯಿಂದ ಆಕಳಿಕೆ. ಸೂಜಿಗೆ ದಾರ ಪೋಣಿಸಲು ಹೋದರೆ ಕೈ ಸಣ್ಣಗೆ ನಡುಗುತ್ತಿತ್ತು. ಭಯ ಕಮ್ಮಿ ಆಗುವ ಬದಲು ಇನ್ನೂ ಜಾಸ್ತಿ ಆದ ಹಾಗಿತ್ತು. ಶುರುವಿನಲ್ಲಿ ಹೀಗೆ ಆಗುತ್ತದೆ, ಬಹಳ ಜನಕ್ಕೆ ಒಂದೆರಡು ವಾರದಲ್ಲಿ ತಾನಾಗೇ ಇಳಿಯುತ್ತದೆ ಅಂತ ಒಂದು ಮಾತು ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಎಷ್ಟು ಜನ ಈ ಮೊದಲ ವಾರದಲ್ಲೇ "ನನಗೆ ಈ ಮಾತ್ರೆ ಆಗಿಬರಲಿಲ್ಲ" ಅಂತ ಕಸದ ಬುಟ್ಟಿಗೆ ಹಾಕುತ್ತಾರೋ! ನನ್ನ ಮಗಳು ಆಗಿನ್ನೂ ಓದುತ್ತಿದ್ದಳು. ಅವಳು ಪುಸ್ತಕ ನೋಡಿ "ತಾಳಮ್ಮ, ಇದು ಹೋಗುತ್ತೆ" ಅಂದಿದ್ದಕ್ಕೆ ನಾನು ಬಿಡದೆ ತಗೊಂಡೆ.

ಆಮೇಲೆ ಆದದ್ದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಮಾತ್ರೆ ಕೆಲಸ ಮಾಡಿತು. ಸಿನಿಮಾದ ಥರ ಒಂದು ದಿನ ಬೆಳಿಗ್ಗೆ ಎದ್ದು ನಕ್ಕೆ ಅಂತಲ್ಲ. ಸಂತೋಷ ಬರಲಿಲ್ಲ, ಭಾರ ಇಳಿಯಿತು. ಬೆಳಗಿನ ಜಾವದ ಎಚ್ಚರ ನಾಲ್ಕಕ್ಕೆ ಹೋಯಿತು, ಆಮೇಲೆ ಐದಕ್ಕೆ. ಒಂದು ದಿನ ಗಿರಾಕಿಯೊಬ್ಬರ ರೇಷ್ಮೆ ಬ್ಲೌಸ್ ಪೀಸ್ ಹಾಸಿಕೊಂಡು, ಗೆರೆ ಎಳೆದು, ಕತ್ತರಿಸಿಬಿಟ್ಟೆ. ಕತ್ತರಿಸಿದ ಮೇಲೇ ಗೊತ್ತಾಗಿದ್ದು, ನಾನು ಯೋಚನೆ ಮಾಡದೇ ಕತ್ತರಿಸಿದ್ದೀನಿ ಅಂತ. 2020ರ ದುಗ್ಗಮ್ಮನ ಜಾತ್ರೆಗೆ ನನ್ನ ಮಿಷಿನ್ ಮತ್ತೆ ರಾತ್ರಿ ಹನ್ನೊಂದರವರೆಗೆ ಓಡಿತು. ದಾವಣಗೆರೆಯವರಿಗೆ ಹೇಳಬೇಕಿಲ್ಲ, ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಅಂದರೆ ಟೈಲರುಗಳಿಗೆ ಎಂಥ ಕೆಲಸ ಅಂತ. ಮನೆ ತುಂಬ ನೆಂಟರು ಬಂದಿದ್ದರು. ಅವರಿಗೆ ಬಡಿಸಿದೆ, ಮಾತಾಡಿದೆ, ಮಂಡಕ್ಕಿ ಮಿರ್ಚಿ ತಿಂದೆ. ಅದು ರುಚಿ ಅನ್ನಿಸಿತು. ವಿಷ ಅನ್ನುವವರು ದಯವಿಟ್ಟು ಇದನ್ನು ಓದಬೇಕು. ಆ ಮಾತ್ರೆ ಇಲ್ಲದಿದ್ದರೆ ನಾನು ಇವತ್ತು ಈ ಪತ್ರ ಬರೆಯಲು ಇರುತ್ತಿದ್ದೆನೋ ಇಲ್ಲವೋ. ಬೆಳಗಿನ ಜಾವ ಬರುತ್ತಿದ್ದ ಯೋಚನೆಗಳು ಒಳ್ಳೆಯವಾಗಿರಲಿಲ್ಲ.

ಜಾತ್ರೆ ಮುಗಿದ ಸ್ವಲ್ಪ ದಿನಕ್ಕೆ ಅಮ್ಮನಿಗೆ ಹುಷಾರಿಲ್ಲ ಅಂತ ಜಗಳೂರು ತಾಲ್ಲೂಕಿನ ತವರಿಗೆ ಹೋದೆ. ಲಾಕ್‌ಡೌನ್ ಆಯಿತು. ಅಲ್ಲೇ ಸಿಕ್ಕಿಕೊಂಡೆ. ತಂದಿದ್ದ ಮಾತ್ರೆ ಮುಗಿಯಿತು. ತಮ್ಮ ಬೈಕಿನಲ್ಲಿ ಅಕ್ಕಪಕ್ಕದ ಊರಿನ ಮೆಡಿಕಲ್ ಶಾಪ್‌ಗಳಿಗೆಲ್ಲ ಹೋಗಿ ಬಂದ. ಜ್ವರ, ಬಿಪಿ, ಶುಗರ್ ಮಾತ್ರೆ ಇತ್ತು. ಇದು ಇರಲಿಲ್ಲ. ಎರಡನೇ ದಿನಕ್ಕೆ ಶುರು ಆಯಿತು. ತಲೆ ತಿರುಗಿಸಿದರೆ ಒಳಗೆ ಕರೆಂಟ್ ಹೊಡೆದ ಹಾಗೆ ಝುಮ್ ಅನ್ನುವುದು. ನಿಂತರೆ ನೆಲ ಓಲಾಡುವುದು. ಸಿಟ್ಟು, ಬೆವರು, ಕೆಟ್ಟ ಕನಸು, ನಿದ್ದೆ ಪೂರ್ತಿ ಹೋಯಿತು. ಪಾರ್ಶ್ವವಾಯು ಹೊಡೆಯುತ್ತದೇನೋ ಅಂತ ಎಲ್ಲರೂ ಹೆದರಿದರು. ಊರಿನ ಹಿರಿಯರೊಬ್ಬರು "ನೋಡವ್ವ, ನಾ ಹೇಳಿದ್ನಲ್ಲ, ಆ ಮಾತ್ರೆಗೆ ಬಿದ್ರೆ ಹಿಂಗೇ" ಅಂದರು. ನನಗೂ ಆಗ ಹಾಗೇ ಅನ್ನಿಸಿತು.

ಅದು ಏನು ಅಂತ ಗೊತ್ತಾಗಿದ್ದು ದಾವಣಗೆರೆಗೆ ವಾಪಸ್ ಬಂದು ಬೇರೆ ಡಾಕ್ಟರನ್ನು ಕಂಡ ಮೇಲೆ. ಅವರು ಕುಳಿತುಕೊಳ್ಳಿ ಅಂದರು. ಕಾಗದದ ಮೇಲೆ ಕನ್ನಡದಲ್ಲಿ ಬರೆದು ತೋರಿಸಿದರು. ಎಸ್ಸಿಟಾಲೋಪ್ರಾಮ್‌ನಂಥ ಮಾತ್ರೆಯನ್ನು ದಿಢೀರ್ ನಿಲ್ಲಿಸಿದರೆ ಹೀಗೆ ಆಗುತ್ತದೆ. ಮೈ ಅದಕ್ಕೆ ಹೊಂದಿಕೊಂಡಿರುತ್ತದೆ. ಕುಡಿತದ ಹಾಗೆ ಇನ್ನೂ ಬೇಕು, ಇನ್ನೂ ಬೇಕು ಅನ್ನಿಸುವುದಿಲ್ಲ, ಹಾಗಾಗಿ ಇದನ್ನು ಚಟ ಅನ್ನುವುದಿಲ್ಲ. ಆದರೆ ಬಿಡುವಾಗ ತೊಂದರೆ ಇದೆ, ಕೆಲವರಿಗೆ ಬಹಳ ತೊಂದರೆ ಇದೆ. ನಿಮ್ಮ ಮಾತ್ರೆಯಲ್ಲಿ ಕ್ಲೋನಾಜೆಪಾಮ್ ಬೇರೆ ಇತ್ತು. ಅದನ್ನು ಬಹಳ ಕಾಲ ತಗೊಂಡು ದಿಢೀರ್ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಎರಡನ್ನೂ ಬೇರೆ ಬೇರೆ ಮಾಡೋಣ. ಕ್ಲೋನಾಜೆಪಾಮ್ ಇಳಿಸುತ್ತಾ ಹೋಗೋಣ, ಎಸ್ಸಿಟಾಲೋಪ್ರಾಮ್ ಮುಂದುವರಿಸೋಣ. ಇಷ್ಟು ಹೇಳಲು ಅವರಿಗೆ ಹತ್ತು ನಿಮಿಷ ಹಿಡಿದಿರಬಹುದು. ಆ ಹತ್ತು ನಿಮಿಷ ನನಗೆ ಮೊದಲೇ ಸಿಕ್ಕಿದ್ದರೆ, ಊರಿಗೆ ಹೋಗುವಾಗ ಒಂದು ತಿಂಗಳ ಮಾತ್ರೆ ಜಾಸ್ತಿ ಕಟ್ಟಿಕೊಂಡು ಹೋಗುತ್ತಿದ್ದೆ.

ಇನ್ನು ಮಾತ್ರೆ ಕಸಿದುಕೊಂಡದ್ದರ ಬಗ್ಗೆ. ತೂಕ ಏರಿತು. ನನ್ನದೇ ಬ್ಲೌಸ್‌ಗಳ ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡೆ. ಬೆವರು ಜಾಸ್ತಿ ಆಯಿತು. ಇವೆಲ್ಲ ತಡೆದುಕೊಳ್ಳಬಹುದು.

ಮುಂದಿನದನ್ನು ಬರೆಯಲು ಸಂಕೋಚ. ಆದರೂ ಬರೆಯುತ್ತೇನೆ, ಯಾಕೆಂದರೆ ಬೇರೆ ಯಾರೂ ಬರೆಯುವುದಿಲ್ಲ. ಗಂಡ ಹೆಂಡತಿ ನಡುವಿನ ಆಸೆ ಪೂರ್ತಿ ಹೋಯಿತು. ಮನಸ್ಸಿನಲ್ಲಿ ಪ್ರೀತಿ ಇತ್ತು, ಮೈಗೆ ಅದು ತಲುಪುತ್ತಿರಲಿಲ್ಲ. ನಮ್ಮವರು ಬಾಯಿಬಿಟ್ಟು ಏನೂ ಕೇಳಲಿಲ್ಲ. ಕೇಳದೇ ಇದ್ದದ್ದೇ ಇನ್ನೂ ಕಷ್ಟ ಆಯಿತು. ನನಗೆ ಅವರು ಬೇಡವಾಗಿದ್ದಾರೆ ಅಂತ ಅವರು ಒಳಗೊಳಗೇ ನೊಂದುಕೊಂಡರು. ಇದು ಮಾತ್ರೆಯಿಂದ ಆಗುವುದು, ಈ ಗುಂಪಿನ ಮಾತ್ರೆಗಳಲ್ಲಿ ತುಂಬಾ ಸಾಮಾನ್ಯ ಅಂತ ಎರಡನೇ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಾಗ ನಮ್ಮವರ ಮುಖ ನೋಡಬೇಕಿತ್ತು. ಗಂಡಸರಿಗೂ ಆಗುತ್ತದಂತೆ. ಗಂಡಸರು ಎಷ್ಟೋ ಜನ ಇದೇ ಕಾರಣಕ್ಕೆ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಡುತ್ತಾರಂತೆ, ಖಿನ್ನತೆ ಮತ್ತೆ ಬರುತ್ತದಂತೆ. ಡೋಸ್ ಇಳಿಸಬಹುದು. ಈ ತೊಂದರೆ ಕಮ್ಮಿ ಇರುವ ಬೇರೆ ಮಾತ್ರೆಗಳಿವೆ, ಮಿರ್ಟಾಜಪಿನ್, ಬುಪ್ರೋಪಿಯಾನ್ ಅಂತ. ಅವುಗಳಿಗೆ ಅವುಗಳದೇ ತೊಂದರೆ ಇವೆ. ಮೊದಲನೆಯದರಲ್ಲಿ ತೂಕ, ನಿದ್ದೆ ಜಾಸ್ತಿ. ಎರಡನೆಯದು ಫಿಟ್ಸ್ ಇರುವವರಿಗೆ ಆಗುವುದಿಲ್ಲ. ಅಂತೂ ದಾರಿ ಇದೆ. ಆದರೆ ರೋಗಿ ಬಾಯಿ ಬಿಡಬೇಕು, ಡಾಕ್ಟರೇ ಮೊದಲು ಕೇಳಿದರೆ ಬಾಯಿ ಬಿಡುವುದು ಸುಲಭ.

ಎಲ್ಲಕ್ಕಿಂತ ನೋವಾಗಿದ್ದು ಬೇರೆ. 2021ರಲ್ಲಿ ಅಮ್ಮ ತೀರಿಕೊಂಡಳು. ಆಗ ನನ್ನ ಡೋಸ್ 20 ಮಿಲಿಗ್ರಾಂ ಇತ್ತು. ಮನೆ ತುಂಬ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ನಾನು ನಿಂತಿದ್ದೆ. ಬಂದವರಿಗೆ ಕುಡಿಯಲು ನೀರು ಕೊಟ್ಟೆ, ವಿಭೂತಿ ಎಲ್ಲಿದೆ ಅಂತ ಹುಡುಕಿದೆ, ಎಲ್ಲ ಕೆಲಸ ಮಾಡಿದೆ. ಅಳು ಬರಲಿಲ್ಲ. ಅಮ್ಮ ಹೋದಳು ಅಂತ ತಲೆಗೆ ಗೊತ್ತು, ಅಷ್ಟೇ. ಚಿಕ್ಕಮ್ಮ ಎಲ್ಲರ ಎದುರಿಗೇ "ಹೆತ್ತ ತಾಯಿ ಹೋದ್ರೂ ಇವಳ ಕಣ್ಣಾಗ ನೀರಿಲ್ಲ" ಅಂದಳು. ಆ ಮಾತಿಗೂ ನೋವಾಗಲಿಲ್ಲ. ನೋವಾಗಬೇಕಿತ್ತು, ಅಲ್ವಾ? ನನ್ನ ಅಮ್ಮ ಅವಳು. ಮೂರು ಮಕ್ಕಳನ್ನು ಕೂಲಿ ಮಾಡಿ ಸಾಕಿದವಳು. ನನಗೆ ಕತ್ತರಿ ಹಿಡಿಯಲು ಕಲಿಸಿದವಳು. ಅವಳಿಗೆ ಕೊಡಬೇಕಾದ ಅಳು ನನ್ನ ಕೈಲಿ ಕೊಡಲಾಗಲಿಲ್ಲ.

ಇದನ್ನು ಡಾಕ್ಟರಿಗೆ ಹೇಳಿದೆ. ಅವರು ತಳ್ಳಿಹಾಕಲಿಲ್ಲ. ಈ ಮಾತ್ರೆಗಳು ಕೆಲವರಲ್ಲಿ ದುಃಖದ ಜೊತೆ ಉಳಿದ ಭಾವನೆಗಳನ್ನೂ ಮಂಕು ಮಾಡುತ್ತವೆ, ಡೋಸ್ ಜಾಸ್ತಿ ಆದಾಗ ಇದು ಕಾಣುವುದು ಹೆಚ್ಚು ಅಂದರು. ನಿಧಾನವಾಗಿ 10ಕ್ಕೆ ಇಳಿಸಿದರು. ಅಳು ವಾಪಸ್ ಬಂತು. ಅಮ್ಮನ ವರ್ಷದ ಪೂಜೆಯಲ್ಲಿ ಮನಸಾರೆ ಅತ್ತೆ. ಚಿಕ್ಕಮ್ಮನೇ ಬಂದು ಹಿಡಿದುಕೊಂಡಳು. "ಪ್ರಶ್ನೆ ಕೇಳಬೇಡಿ" ಅಂತ ಬರೆದ ಓದುಗರಿಗೆ ನಾನು ಹೇಳುವುದು ಇಷ್ಟೇ. ಪ್ರಶ್ನೆ ಕೇಳದಿದ್ದರೆ ನಾನು ಈಗಲೂ ಆ 20ರಲ್ಲೇ ಇರುತ್ತಿದ್ದೆ. ಇಲ್ಲ ಅಂದರೆ ಸಿಟ್ಟಿಗೆ ಎಲ್ಲ ಬಿಸಾಕಿ ಮತ್ತೆ ಬೆಳಗಿನ ಜಾವದ ಮೂರು ಗಂಟೆಗೆ ಹೋಗಿರುತ್ತಿದ್ದೆ.

ಅವರು ಬಿಪಿ ಮಾತ್ರೆಗೆ ಹೋಲಿಸಿದ್ದೂ ಅರ್ಧ ಸರಿ. ಬಿಪಿಯನ್ನು ಪಟ್ಟಿ ಕಟ್ಟಿ ಅಳೆಯಬಹುದು. ಖಿನ್ನತೆಯನ್ನು ಹಾಗೆ ಅಳೆಯುವ ರಕ್ತ ಪರೀಕ್ಷೆ ಇಲ್ಲ. ನನಗೆ ಒಂದು ಕಡೆ "ತಲೆಯಲ್ಲಿ ಸಿರೊಟೋನಿನ್ ಕಮ್ಮಿ ಆಗಿದೆ" ಅಂದಿದ್ದರು. ಅದು ಮೆದುಳಿನಲ್ಲಿರುವ ಒಂದು ರಾಸಾಯನಿಕ. ಯಾರೂ ಅಳೆದಿರಲಿಲ್ಲ. 2022ರಲ್ಲಿ ಬಂದ ಒಂದು ದೊಡ್ಡ ಪರಾಮರ್ಶೆ, ಸಿರೊಟೋನಿನ್ ಕಮ್ಮಿ ಆಗುವುದರಿಂದಲೇ ಖಿನ್ನತೆ ಬರುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ ಅಂದಿತು. ಅದನ್ನೇ ಹಿಡಿದು ಮಾತ್ರೆಯೂ ಸುಳ್ಳು ಅನ್ನುವವರು ಇದ್ದಾರೆ. ಅದು ತಪ್ಪು. ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಪೂರ್ತಿ ತಿಳಿಯದಿದ್ದರೂ ಕೆಲಸ ಮಾಡುತ್ತದೋ ಇಲ್ಲವೋ ಅಂತ ಪರೀಕ್ಷಿಸಬಹುದು. 2018ರಲ್ಲಿ 522 ಪ್ರಯೋಗಗಳನ್ನು ಒಟ್ಟುಗೂಡಿಸಿ 21 ಖಿನ್ನತೆ ಔಷಧಿಗಳನ್ನು ನೋಡಿದರು. 21 ಕೂಡ ಔಷಧಿಯೇ ಇಲ್ಲದ ಬರೀ ಸಕ್ಕರೆ ಗುಳಿಗೆಗಿಂತ ಮೇಲಾಗಿದ್ದವು. ಆದರೆ ವ್ಯತ್ಯಾಸ ಸರಾಸರಿಯಲ್ಲಿ ಬಹಳ ದೊಡ್ಡದಲ್ಲ. ಕೆಲವರಿಗೆ ಚೆನ್ನಾಗಿ ಹಿಡಿಯುತ್ತದೆ, ಕೆಲವರಿಗೆ ಹಿಡಿಯುವುದೇ ಇಲ್ಲ. ಮೊದಲನೆಯದು ಆಗದಿದ್ದರೆ ಎರಡನೆಯದು ನೋಡಬೇಕು. ಮಗಳು ಒಂದು ವಿಷಯ ಹೇಳಿದಳು. ಇಂಥ ಔಷಧಿ ಮೊದಲು ಸಿಕ್ಕಿದ್ದೇ 1950ರ ದಶಕದಲ್ಲಿ, ಕ್ಷಯ ರೋಗಿಗಳಿಗೆ ಕೊಡುತ್ತಿದ್ದ ಒಂದು ಮಾತ್ರೆಯಿಂದ ಅವರ ಮನಸ್ಸು ಹಗುರ ಆಗಿದ್ದನ್ನು ನೋಡಿ. ನನಗೆ ಇದು ಇಷ್ಟ ಆಯಿತು. ಯಾರೋ ರೋಗಿಯ ಮುಖವನ್ನು ಸರಿಯಾಗಿ ನೋಡಿದ್ದರಿಂದ ಸಿಕ್ಕ ಔಷಧಿ.

ನನ್ನ ಕಥೆ ಒಂದೇ ಹೇಳಿದರೆ ಸಾಲದು. ನಮ್ಮ ಬೀದಿಯ ಅಜ್ಜಿಯೊಬ್ಬರಿಗೆ ಯಜಮಾನರು ಹೋದ ಮೇಲೆ ಇದೇ ಗುಂಪಿನ ಮಾತ್ರೆ ಕೊಟ್ಟರು. ಮೊದಲೇ ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ ಇತ್ತು. ಸ್ವಲ್ಪ ದಿನಕ್ಕೆ ಅಜ್ಜಿ ಮಾತು ತಪ್ಪಿ ಆಡತೊಡಗಿದರು, ಬಚ್ಚಲಲ್ಲಿ ಬಿದ್ದರು. ಅರಳುಮರಳು ಅಂದುಕೊಂಡರು ಮನೆಯವರು. ರಕ್ತ ಪರೀಕ್ಷೆಯಲ್ಲಿ ಸೋಡಿಯಂ ಇಳಿದಿತ್ತು. ವಯಸ್ಸಾದವರಲ್ಲಿ, ಅದರಲ್ಲೂ ಆ ಥರದ ಬಿಪಿ ಮಾತ್ರೆ ಜೊತೆಗಿದ್ದರೆ, ಹೀಗೆ ಆಗಬಹುದು ಅನ್ನುವುದು ತಿಳಿದಿರುವ ವಿಷಯವೇ. ಆ ಮನೆಯವರಿಗೆ ತಿಳಿಸಿರಲಿಲ್ಲ.

ಇನ್ನೊಂದು ನಮ್ಮ ಅಕ್ಕನ ಮಗನದು. ಇಂಜಿನಿಯರಿಂಗ್ ಓದುವ ಹುಡುಗ. ಅವನಿಗೆ ಮಾತ್ರೆ ಕೊಡುವಾಗ ಡಾಕ್ಟರು ಅಪ್ಪ ಅಮ್ಮನನ್ನು ಒಳಗೆ ಕರೆದು ಹೇಳಿದರು. 24 ವರ್ಷದೊಳಗಿನವರಲ್ಲಿ ಶುರುವಿನ ವಾರಗಳಲ್ಲಿ ಕೆಲವರಿಗೆ ಚಡಪಡಿಕೆ, ಸಾಯುವ ಯೋಚನೆ ಜಾಸ್ತಿ ಆಗಬಹುದು, ಒಬ್ಬನನ್ನೇ ಬಿಡಬೇಡಿ, ಮಾತ್ರೆ ನಿಮ್ಮ ಹತ್ತಿರವೇ ಇರಲಿ, ಏನಾದರೂ ಅನ್ನಿಸಿದರೆ ತಕ್ಷಣ ಫೋನ್ ಮಾಡಿ. ಅಮೆರಿಕದಲ್ಲಿ 2004ರಿಂದ ಇಂಥ ಎಚ್ಚರಿಕೆಯನ್ನು ಔಷಧಿಯ ವಿವರದ ಹಾಳೆಯಲ್ಲಿ ಚೌಕಟ್ಟು ಹಾಕಿ ಅಚ್ಚು ಹಾಕುತ್ತಾರಂತೆ, 2007ರಲ್ಲಿ ಅದನ್ನು 24 ವಯಸ್ಸಿನವರೆಗೂ ವಿಸ್ತರಿಸಿದರು. ಹುಡುಗನಿಗೆ ನಿಜವಾಗಿಯೂ ಚಡಪಡಿಕೆ ಆಯಿತು. ಅಕ್ಕ ಹೆದರಲಿಲ್ಲ, ಫೋನ್ ಮಾಡಿದಳು. ಡೋಸ್ ಬದಲಾಯಿಸಿದರು. ಈಗ ಕಾಲೇಜಿಗೆ ಹೋಗುತ್ತಿದ್ದಾನೆ. ಹೇಳಿ ಕೊಟ್ಟ ಮಾತ್ರೆಗೂ ಹೇಳದೆ ಕೊಟ್ಟ ಮಾತ್ರೆಗೂ ಇಷ್ಟು ವ್ಯತ್ಯಾಸ.

ನನಗೂ ಒಮ್ಮೆ ಹೀಗೇ ಒಂದು ಅಪಾಯ ತಪ್ಪಿತು. ಮಿಷಿನ್ ಮೇಲೆ ಬಗ್ಗಿ ಬಗ್ಗಿ ಕತ್ತು ನೋವು. ಒಂದು ಕಡೆ ಟ್ರಮಡಾಲ್ ಇರುವ ನೋವಿನ ಮಾತ್ರೆ ಬರೆದರು. ಚೀಟಿ ನೋಡಿದ ಮಗಳು ನಿಲ್ಲಿಸಿದಳು. ಖಿನ್ನತೆಯ ಮಾತ್ರೆ ಜೊತೆ ಅದು ಸೇರಿದರೆ ನಡುಕ, ಜ್ವರ, ಗೊಂದಲ ಬರುವ ಅಪಾಯ ಇದೆಯಂತೆ. ಸಾಮಾನ್ಯ ನೋವಿನ ಮಾತ್ರೆಗಳಲ್ಲೂ ಕೆಲವು, ಇದರ ಜೊತೆ ತಗೊಂಡರೆ ಹೊಟ್ಟೆಯಲ್ಲಿ ರಕ್ತ ಸೋರುವ ಸಾಧ್ಯತೆ ಹೆಚ್ಚು. ಹಾಗಾಗಿ ಯಾವ ಡಾಕ್ಟರ ಹತ್ತಿರ ಹೋದರೂ "ನಾನು ಈ ಮಾತ್ರೆ ತಗೋತಿದೀನಿ" ಅಂತ ಮೊದಲೇ ಹೇಳಬೇಕು. ಆದರೆ ಹೇಳುವುದು ಅಷ್ಟು ಸುಲಭವಾ? ಕಾಂಪೌಂಡರ್ ಎದುರು, ಸಾಲಿನಲ್ಲಿ ನಿಂತ ಪರಿಚಯದವರ ಎದುರು?

2022ರ ಕೊನೆಗೆ ಡಾಕ್ಟರ ಮಾತಿನಂತೆ ನಿಲ್ಲಿಸುವ ಪ್ರಯತ್ನ ಮಾಡಿದೆವು. ಗುಣ ಆದ ಮೇಲೂ ಕಡಿಮೆ ಅಂದರೆ ಆರು ತಿಂಗಳು ಮುಂದುವರಿಸಬೇಕು, ಆಮೇಲೇ ಬಿಡುವ ಮಾತು. ಬಿಡುವುದು ಹೊಲಿಗೆ ಬಿಚ್ಚಿದ ಹಾಗೆ. ಒಂದೊಂದೇ ಎಳೆ ಕಿತ್ತರೆ ಬಟ್ಟೆ ಉಳಿಯುತ್ತದೆ, ಜಗ್ಗಿದರೆ ಹರಿಯುತ್ತದೆ. ತಿಂಗಳುಗಟ್ಟಲೆ ಹಿಡಿಯಿತು. ಈ ಸಲ ಕರೆಂಟ್ ಹೊಡೆಯಲಿಲ್ಲ. ಸುಮಾರು ಒಂದು ವರ್ಷ ಮಾತ್ರೆ ಇಲ್ಲದೇ ಚೆನ್ನಾಗಿದ್ದೆ. ಆಮೇಲೆ ಮತ್ತೆ ಬೆಳಗಿನ ಜಾವದ ಎಚ್ಚರ ಶುರು ಆಯಿತು. ಒಮ್ಮೆ ಬಂದವರಲ್ಲಿ ಸುಮಾರು ಅರ್ಧ ಜನಕ್ಕೆ ಖಿನ್ನತೆ ಮತ್ತೆ ಬರುತ್ತದೆ ಅಂತ ಮೊದಲೇ ಹೇಳಿದ್ದರು. ಹಾಗಾಗಿ ಕುಸಿಯುವ ಮೊದಲೇ ಹೋದೆ. ಈಗ 10 ಮಿಲಿಗ್ರಾಂನಲ್ಲಿದ್ದೇನೆ. ಭಾನುವಾರ ಕುಂದುವಾಡ ಕೆರೆ ಏರಿ ಮೇಲೆ ನಡೆಯುತ್ತೇನೆ, ಉಸಿರಾಟದ ಅಭ್ಯಾಸವನ್ನೂ ಮಾಡುತ್ತೇನೆ. ಸಣ್ಣ ಪ್ರಮಾಣದ ಖಿನ್ನತೆಗೆ ಮಾತಿನ ಚಿಕಿತ್ಸೆ, ವ್ಯಾಯಾಮ ಇವನ್ನೇ ಮೊದಲು ನೋಡಬೇಕು ಅಂತ ಡಾಕ್ಟರುಗಳೂ ಹೇಳುತ್ತಾರೆ. ಪ್ರಾಣಾಯಾಮದ ಓದುಗರ ಮಾತಿನಲ್ಲಿ ಅಷ್ಟು ಹುರುಳಿದೆ. ಆದರೆ ಹಾಸಿಗೆಯಿಂದ ಏಳಲಾಗದವರಿಗೆ ಕೆರೆ ಏರಿ ಸುತ್ತು ಅಂದರೆ ಹೇಗೆ ಸುತ್ತಿಯಾರು? ಮಾತಿನ ಚಿಕಿತ್ಸೆ ಕೊಡುವವರಾದರೂ ನಮ್ಮ ಕಡೆ ಎಷ್ಟು ಜನ ಇದ್ದಾರೆ? ಹುಡುಕಿ ನೋಡಿ. ಚೀಟಿ ಬರೆಯಲು ಎರಡು ನಿಮಿಷ ಸಾಕು, ಮಾತಿಗೆ ಮುಕ್ಕಾಲು ಗಂಟೆ ಬೇಕು. ಆ ಮುಕ್ಕಾಲು ಗಂಟೆ ಬಡವರಿಗೆ ಸಿಗುತ್ತಿಲ್ಲ.

ಈಗ ಕೆಲವು ಬೇಡಿಕೆ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅನ್ನುವ ಯೋಜನೆ ದೇಶದಲ್ಲಿ ಶುರು ಆಗಿದ್ದು 1996ರಲ್ಲಿ, ಅದಕ್ಕೆ ಮಾದರಿ ಆಗಿದ್ದು ನಮ್ಮ ಹತ್ತಿರದ ಬಳ್ಳಾರಿ. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗಬೇಕು ಅಂತ ಮನೋಚೈತನ್ಯ ಕಾರ್ಯಕ್ರಮವನ್ನೂ ಸರ್ಕಾರ ಮಾಡಿದೆ. ಒಳ್ಳೆಯದು. ಡಾಕ್ಟರು ಬಂದರೆ ಸಾಲದು, ಮಾತ್ರೆಯೂ ಅಲ್ಲಿ ಇರಬೇಕು. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ರೋಗಿಗೆ ಮಾತ್ರೆ ಒಂದು ವಾರವೂ ತಪ್ಪಬಾರದು. ಈ ಮಾತ್ರೆ ತಪ್ಪಿದರೆ ಏನಾಗುತ್ತದೆ ಅಂತ ನಾನು ಮೇಲೆ ಬರೆದಿದ್ದೇನೆ. ಇದರ ಜೊತೆ ಒಂದು ಪುಟದ ಕನ್ನಡ ಚೀಟಿ ಕೊಡಲಿ. ಗುಣ ಕಾಣಲು ಎಷ್ಟು ವಾರ, ಶುರುವಿನಲ್ಲಿ ಏನಾಗಬಹುದು, ಯಾವಾಗ ಓಡಿ ಬರಬೇಕು, ತಾನಾಗಿ ನಿಲ್ಲಿಸಬಾರದು ಯಾಕೆ. ಸ್ಟ್ರಿಪ್ ಹಿಂದಿನ ಇಂಗ್ಲಿಷ್ ನಮಗೆ ಓದಲು ಬರುವುದಿಲ್ಲ, ಅಕ್ಷರ ಕಾಣುವುದೂ ಇಲ್ಲ. ಓದಲು ಬರದವರಿಗೆ ಆಶಾ ಕಾರ್ಯಕರ್ತೆಯರು ಓದಿ ಹೇಳಲಿ. ಕ್ಲೋನಾಜೆಪಾಮ್ ಸೇರಿದ ಮಾತ್ರೆಯನ್ನು ಹಳೇ ಚೀಟಿ ತೋರಿಸಿದರೂ ಕೊಡುತ್ತಲೇ ಹೋಗುವ ಮೆಡಿಕಲ್ ಶಾಪ್‌ಗಳನ್ನು ಔಷಧ ನಿಯಂತ್ರಣದವರು ವಿಚಾರಿಸಲಿ.

ರಾತ್ರಿ ಹೊತ್ತು ಮನಸ್ಸು ಕೆಟ್ಟ ಯೋಚನೆಗೆ ಹೋದವರಿಗೆ 14416 ಅನ್ನುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಸಂಖ್ಯೆ ಇದೆ. 2022ರ ಅಕ್ಟೋಬರಿನಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2019ರಲ್ಲಿ ನನಗೆ ಅದು ಇರಲಿಲ್ಲ. ದಯವಿಟ್ಟು ಈ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಹಾಕಿ.

ನನ್ನ ಹೆಸರು ಹಾಕಬೇಡಿ. ನನಗೆ ನಾಚಿಕೆ ಇಲ್ಲ. ಮಗಳಿಗೆ ಗಂಡು ನೋಡುತ್ತಿದ್ದೇವೆ. "ತಾಯಿಗೆ ತಲೆ ಸರಿ ಇಲ್ಲವಂತೆ" ಅನ್ನುವ ಒಂದು ಮಾತಿಗೆ ಸಂಬಂಧ ಮುರಿದು ಹೋಗುವ ಊರು ಇದು. ಮಗಳು "ಹಾಕಮ್ಮ, ಅಂಥ ಮನೆ ನನಗೂ ಬೇಡ" ಅನ್ನುತ್ತಾಳೆ. ನನಗೆ ಇನ್ನೂ ಅಷ್ಟು ಧೈರ್ಯ ಬಂದಿಲ್ಲ.

ಕೊನೆಯದಾಗಿ ಪತ್ರಿಕೆಗೆ ಒಂದು ವಿನಂತಿ. ವಾರಕ್ಕೊಮ್ಮೆ ಮನೋವೈದ್ಯರೊಬ್ಬರು ಓದುಗರ ಪ್ರಶ್ನೆಗಳಿಗೆ ಹೆಸರು ಹಾಕದೆ ಉತ್ತರಿಸುವ ಜಾಗ ಮಾಡಿಕೊಡಿ. ಮೊದಲ ಪ್ರಶ್ನೆ ನನ್ನದೇ ಇರಲಿ. ನನಗೀಗ 48. ಮುಟ್ಟು ನಿಲ್ಲುವ ಕಾಲ. ರಾತ್ರಿ ಇದ್ದಕ್ಕಿದ್ದ ಹಾಗೆ ಮೈ ಬಿಸಿ ಏರಿ ಬೆವರುತ್ತದೆ. ಇದು ಮಾತ್ರೆಯದ್ದೋ, ವಯಸ್ಸಿನದ್ದೋ? ಈ ವಯಸ್ಸಿನಲ್ಲಿ ಡೋಸ್ ಇಳಿಸುವ ಪ್ರಯತ್ನ ಮಾಡಬಹುದೋ, ಮುಟ್ಟು ಪೂರ್ತಿ ನಿಲ್ಲುವವರೆಗೆ ಕಾಯಬೇಕೋ?

ಒಬ್ಬ ಟೈಲರ್,
ನಿಟುವಳ್ಳಿ, ದಾವಣಗೆರೆ